ಮೂವತ್ತೊಂದನೇ ಟಿಪ್ಪಣಿ

ಗಡ್ಡದ ಅರ್ಧ ಬೋಳಿಸಿ ಆಗಿತ್ತು, ಇನ್ನರ್ಧ ನೊರೆಯಲ್ಲಿತ್ತು. ಆಗ ಮೇಷ್ಟ್ರಿಗೆ ತಾರೀಕು ಹೊಳೆಯಿತು. ಹದಿನೆಂಟರಲ್ಲಿ ಹನ್ನೊಂದು ಹೋದರೆ ಏಳು. ಇಪ್ಪತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಬೀಜಗಣಿತ, ರೇಖಾಗಣಿತ ಅಂತ ತಲೆ ತಿಂದವರಿಗೆ ಈ ಪುಟ್ಟ ಕಳೆಯುವ ಲೆಕ್ಕ ಹೊಳೆಯಲು ಎರಡು ತಿಂಗಳು ಹಿಡಿದಿತ್ತು. ಹೊಳೆದದ್ದಾದರೂ ಯಾವತ್ತು? ಮಧ್ಯಾಹ್ನ ಎರಡಕ್ಕೆ ಸಹಪಾಠಿ ಹುಡುಗಿಯೊಬ್ಬಳ ನಾಟಕದ ಪರೀಕ್ಷೆ ಇರುವ ದಿನ. ಮೇಷ್ಟ್ರು ಬರೆದ ಮೂವತ್ತೊಂದನೇ ಟಿಪ್ಪಣಿಯ ಮೇಲೆ ಬಿದ್ದ ಮುದ್ರೆ ಹನ್ನೊಂದನೇ ತಾರೀಕಿನದು. ಆ ಟಿಪ್ಪಣಿಯಲ್ಲಿ ಅವರು ಬಾಯ್ತುಂಬ ಹೊಗಳಿದ ಕುರ್ಚಿಯ ದೃಶ್ಯ ನಾಟಕದ ಪ್ರತಿಯಲ್ಲಿ ಮೊದಲು ಕಾಣಿಸಿಕೊಂಡದ್ದು ಹದಿನೆಂಟಕ್ಕೆ. ಅಂದರೆ ದೃಶ್ಯ ಹುಟ್ಟುವ ಏಳು ದಿನ ಮೊದಲೇ ಮೇಷ್ಟ್ರು ಅದನ್ನು ಕಣ್ಣಾರೆ ಕಂಡು, ಒಂದು ಪುಟ ಮೆಚ್ಚಿ ಬರೆದು, ಕೆಳಗೆ ಸಹಿ ಹಾಕಿದ್ದರು. ಕನ್ನಡಿಯೊಳಗಿನ ಅರ್ಧ ಮುಖ ಅವರನ್ನೇ ನೋಡುತ್ತಿತ್ತು.

ಮೇಷ್ಟ್ರು ಅಂತ ಅವರನ್ನು ಕರೆಯುತ್ತಿದ್ದವರು ಸಹಪಾಠಿಗಳು. ನಲವತ್ತನಾಲ್ಕನೆಯ ವಯಸ್ಸಿಗೆ ಶಾಲೆಗೆ ಎರಡು ವರ್ಷದ ರಜೆ ಹಾಕಿ, ನಾಟಕ, ಸಿನಿಮಾ ಮತ್ತು ಸಾಹಿತ್ಯದ ಎಂ.ಎ.ಗೆ ಸೇರಿದ ಮನುಷ್ಯನನ್ನು ಇಪ್ಪತ್ತೆರಡರ ಹುಡುಗ ಹುಡುಗಿಯರು ಬೇರೇನು ಕರೆದಾರು? ಮೊದಲ ದಿನ ಅವರು ತರಗತಿಯ ಬಾಗಿಲಿಗೆ ಬಂದಾಗ ಎಲ್ಲರೂ ಎದ್ದು ನಿಂತಿದ್ದರು, ಪಾಠ ಮಾಡಲು ಬಂದವರು ಅಂದುಕೊಂಡು. ಅವರು ಹೋಗಿ ಕೊನೆಯ ಬೆಂಚಿನಲ್ಲಿ ಕೂತ ಮೇಲೆ ಒಂದು ಕ್ಷಣ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬಳು ಮಾತ್ರ ಎಲ್ಲರೂ ಕೂತ ಮೇಲೂ ನಿಂತೇ ಇದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. "ಸರ್, ನೀವಾ?" ಎಂದಳು. ಅವರಿಗೂ ಗುರುತು ಸಿಕ್ಕಿತ್ತು. ಎಂಟನೇ ತರಗತಿ, ಕಿಟಕಿ ಪಕ್ಕದ ಎರಡನೇ ಬೆಂಚು. ಗುರುತು ಸಿಕ್ಕಿದ್ದೇ ಅವರು ಚೀಲದಲ್ಲಿ ಏನನ್ನೋ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ್ದರು. ಇನ್ನುಳಿದವರೆಲ್ಲ ಒಂದು ವಾರದೊಳಗೆ ಮೇಷ್ಟ್ರೇ ಅನ್ನತೊಡಗಿ, ತಿಂಗಳೊಳಗೆ ಅವರ ಹೆಗಲ ಮೇಲೆ ಕೈಹಾಕಿ ನಡೆಯತೊಡಗಿದರು. ಅವಳು ಮಾತ್ರ ಎರಡು ವರ್ಷವೂ ಸರ್ ಅನ್ನುವುದನ್ನು ಬಿಡಲಿಲ್ಲ.

ಟಿಪ್ಪಣಿ ಎನ್ನುವುದು ಆ ವಿಭಾಗದ ಕಟ್ಟಳೆ. ಪ್ರತಿ ವಿದ್ಯಾರ್ಥಿ ಎರಡು ವರ್ಷದಲ್ಲಿ ನಲವತ್ತು ನಾಟಕ, ಸಿನಿಮಾ ನೋಡಬೇಕು. ನೋಡಿ ಮುಗಿಸಿ ಸಭಾಂಗಣದ ಹೊರಬಾಗಿಲು ದಾಟುವ ಮೊದಲೇ, ಪಡಸಾಲೆಯ ಉದ್ದ ಬೆಂಚಿನ ಮೇಲೆ ಕೂತು, ಕಂಡದ್ದನ್ನು ಒಂದು ಪುಟ ಬರೆಯಬೇಕು. ಬರೆದದ್ದನ್ನು ಬಾಗಿಲು ಕಾಯುವ ಬಾಗಿಲಯ್ಯನ ಕೈಗೆ ಕೊಟ್ಟರೆ ಅವನು ತಾರೀಕಿನ ಮುದ್ರೆ ಒತ್ತಿ ಮರದ ಪೆಟ್ಟಿಗೆಗೆ ಹಾಕುತ್ತಾನೆ. ಆಮೇಲೆ ಒಂದು ಅಲ್ಪವಿರಾಮವನ್ನೂ ಬದಲಿಸುವಂತಿಲ್ಲ. "ಮನೆಗೆ ಹೋಗಿ ಬರೆದರೆ ಅದು ವಿಮರ್ಶೆ, ಬಾಗಿಲಲ್ಲಿ ಬರೆದರೆ ಸಾಕ್ಷಿ" ಎಂದು ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಂ, ಹೇಳುವುದಿತ್ತು. ಯಾರಾದರೂ ನಾಟಕ ಕಟ್ಟಿದರೆ ಅದರ ತಾಲೀಮು ನೋಡಿದವರ ಟಿಪ್ಪಣಿಗಳನ್ನೂ, ತಿದ್ದುತ್ತ ಹೋದ ಪ್ರತಿಗಳನ್ನೂ ತಾರೀಕಿನ ಸಮೇತ ಪ್ರಬಂಧಕ್ಕೆ ಲಗತ್ತಿಸಬೇಕು. ಕಟ್ಟಳೆಗಳ ಪಟ್ಟಿಯಲ್ಲಿ ಏಳನೆಯದು ಹೀಗಿತ್ತು: ಪ್ರದರ್ಶನದ ವೇಳೆ ನಿದ್ರಿಸಿದವರ ಟಿಪ್ಪಣಿ ಅಸಿಂಧು. ಇಂಥದ್ದನ್ನೂ ಒಂದು ನಿಯಮ ಮಾಡಬೇಕಾಗಿ ಬಂದಿತ್ತಲ್ಲ ಎಂದು ಮೊದಲ ದಿನ ಮೇಷ್ಟ್ರು ನಕ್ಕಿದ್ದರು.

ನಕ್ಕದ್ದು ಅದೇ ಕೊನೆ. ಮೇಷ್ಟ್ರಿಗೆ ಕತ್ತಲಾದರೆ ನಿದ್ದೆ ಬರುತ್ತಿತ್ತು. ದೀಪ ಆರಬೇಕು, ಪರದೆ ಸರಿಯಬೇಕು, ಯಾರೋ ಒಬ್ಬ ವೇದಿಕೆಯ ಮೇಲೆ ಬಂದು ದೀರ್ಘವಾಗಿ ಉಸಿರೆಳೆದುಕೊಳ್ಳಬೇಕು, ಅಷ್ಟರಲ್ಲಿ ಇವರ ಗದ್ದ ಎದೆ ಮುಟ್ಟಿರುತ್ತಿತ್ತು. ಬೆಳಕಿನಲ್ಲಿ ಎಷ್ಟು ಹೊತ್ತು ಬೇಕಾದರೂ ಎಚ್ಚರ ಇರಬಲ್ಲವರು. ಪರೀಕ್ಷೆಯ ಮೌಲ್ಯಮಾಪನದ ದಿನಗಳಲ್ಲಿ ಮುನ್ನೂರು ಉತ್ತರಪತ್ರಿಕೆಗಳನ್ನು ಆಕಳಿಕೆ ಇಲ್ಲದೆ ತಿದ್ದಿದವರು. ವೈದ್ಯರ ಹತ್ತಿರವೂ ಹೋಗಿಬಂದರು. "ಕತ್ತಲಾದರೆ ನಿದ್ದೆ ಬರೋದು ಕಾಯಿಲೆ ಅಲ್ಲಪ್ಪ, ಬರದಿದ್ರೆ ಬನ್ನಿ" ಎಂದು ವೈದ್ಯರು ಕಳಿಸಿಬಿಟ್ಟರು. ಜೇಬಿನಲ್ಲಿ ಮೆಣಸಿನ ಕಾಳು ಇಟ್ಟುಕೊಂಡು ಅಗಿದರು. ತೊಡೆ ಚಿವುಟಿಕೊಂಡರು. ಒಮ್ಮೆ ಕತ್ತಲಲ್ಲಿ ತಮ್ಮದೆಂದು ಪಕ್ಕದವಳ ತೊಡೆ ಚಿವುಟಿ, ಅವಳು ಕಿಟಾರನೆ ಕಿರುಚಿ, ನಾಟಕದ ಸಾವಿನ ದೃಶ್ಯಕ್ಕೆ ಭಾರೀ ಪರಿಣಾಮ ಬಂದು, ಆಮೇಲೆ ಮೇಷ್ಟ್ರು ಪಡಸಾಲೆಯಲ್ಲಿ ಹತ್ತು ಸಲ ಕ್ಷಮೆ ಕೇಳಿದರು. ಸಿನಿಮಾದ್ದಾದರೆ ಹೇಗೋ ನಿಭಾಯಿಸಬಹುದಿತ್ತು. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನೋಡಿ, ನಡುವೆ ಲಯದ ಬಗ್ಗೆ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಧಾನವಾದ ಲಯ ಎಂದು ಬರೆದರಂತೂ ಯಾವ ಸಿನಿಮಾಕ್ಕೂ ಒಪ್ಪುತ್ತದೆ.

ಹನ್ನೊಂದನೇ ತಾರೀಕು, ಸರ್ ಅನ್ನುವ ಆ ಹುಡುಗಿಯ ನಾಟಕದ ಮೊದಲ ಪೂರ್ಣ ತಾಲೀಮು. ಬಾಡಿಗೆ ಮನೆಯೊಂದನ್ನು ಖಾಲಿ ಮಾಡುವ ಅಪ್ಪ, ಅಮ್ಮ, ಮಗಳ ಕಥೆ. ಒಂದು ಗಂಟೆ ಹೊತ್ತು ಅವರು ಪಾತ್ರೆ ಕಟ್ಟುತ್ತಾರೆ, ಪುಸ್ತಕ ಕಟ್ಟುತ್ತಾರೆ, ಜಗಳ ಆಡುತ್ತಾರೆ. ಅಪ್ಪ ಮೊದಲ ಗಂಟು ಬಿಗಿಯುವುದನ್ನು ಮೇಷ್ಟ್ರು ನೋಡಿದ್ದರು. ಮತ್ತೆ ಕಣ್ಣು ಬಿಟ್ಟಾಗ ಚಪ್ಪಾಳೆ ಬೀಳುತ್ತಿತ್ತು. ಅವರೂ ತಟ್ಟಿದರು, ಉಳಿದವರಿಗಿಂತ ಜೋರಾಗಿ. ಆದರೆ ಬೆಂಚಿನ ಮೇಲೆ ಕಾಗದ ಹಿಡಿದು ಕೂತಾಗ ಅವರಿಗೆ ನಾಟಕ ಚೆನ್ನಾಗಿಯೇ ನೆನಪಿತ್ತು, ದೇವರಾಣೆಗೂ ನೆನಪಿತ್ತು. ಸಾಮಾನೆಲ್ಲ ಹೊರಗೆ ಹೋದ ಮೇಲೆ ತಾಯಿ ಉಳಿದ ಒಂದೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಾಳೆ. ಕೂರುವುದಿಲ್ಲ. ಕುರ್ಚಿಯ ಪಕ್ಕದಲ್ಲಿ ನಿಲ್ಲುತ್ತಾಳೆ, ಯಾರಾದರೂ ಕೂತ್ಕೋ ಎಂದು ಹೇಳಲಿ ಅಂತ ಕಾಯುವವಳ ಹಾಗೆ. ಯಾರೂ ಹೇಳುವುದಿಲ್ಲ. ಹೊರಗೆ ಯಾರೋ ಬಂದು ಹೋಗುವ ಸದ್ದು. ಅವಳು ನಿಂತೇ ಇರುತ್ತಾಳೆ. ಪೆನ್ನು ತಾನೇ ಓಡಿತು. ಮೂರು ದಿನದ ಮೇಲೆ ಮೇಡಂ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ, "ನೋಡಿ, ನೋಡೋದು ಅಂದ್ರೆ ಇದು" ಎಂದರು. ಮೇಡಂ ತಾಲೀಮಿಗೆ ಬಂದಿರಲಿಲ್ಲ. ಬಂದಿದ್ದವರು, ಆಡಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ಸಂಜೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅಪ್ಪನ ಪಾತ್ರದವನು ಬಂದು, "ಮೇಷ್ಟ್ರೇ, ಆ ಕುರ್ಚಿ ಸೀನು ಎಲ್ಲಿತ್ತು? ನಾನು ಪೂರ್ತಿ ನಾಟಕದಲ್ಲಿದ್ದೆ, ನಂಗೇ ಸಿಗಲಿಲ್ಲವಲ್ಲ" ಎಂದಾಗ ತಾವು ಕಂಡದ್ದು ಕನಸೆಂದು ಅವರಿಗೆ ತಿಳಿಯಿತು.

ಅವತ್ತೇ ಹೋಗಿ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡರು. ನಾಳೆ ಭಾನುವಾರ. ಸೋಮವಾರ ಅವಳಿಗೆ ಜ್ವರ. ಹೀಗೆ ನೆಪಗಳು ತಾವಾಗಿಯೇ ಸಾಲುಗಟ್ಟಿ ಬಂದವು. ಹದಿನೆಂಟಕ್ಕೆ ತಿದ್ದಿದ ಪ್ರತಿ ಬಂತು, ಅದರಲ್ಲಿ ಕುರ್ಚಿ ಇತ್ತು. ಮೇಷ್ಟ್ರು ಆ ಪುಟವನ್ನು ನಾಲ್ಕು ಸಲ ಓದಿ, ಒಳಗೊಳಗೇ ಉಬ್ಬಿದರು. ತಪ್ಪೊಪ್ಪಿಕೊಳ್ಳುವ ಮಾತು ಎಲ್ಲೋ ಹಿಂದೆ ಸರಿದು ನಿಂತಿತು.

"ರೀ, ನೊರೆ ಒಣಗ್ತಿದೆ. ಯಾರ ಜೊತೆ ಮಾತಾಡ್ತಿದ್ದೀರಿ ಒಳಗೆ?" ಹೆಂಡತಿ ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು, ಎಂಟೂವರೆಯ ಬಸ್ಸು ಹಿಡಿಯಬೇಕು. ಮೇಷ್ಟ್ರು ಎಲ್ಲವನ್ನೂ ಹೇಳಿದರು, ಅರ್ಧ ಗಡ್ಡದಲ್ಲೇ. ಅವಳು ನಗದೆ ಕೇಳಿದಳು. ಅದು ಅವರಿಗೆ ಇನ್ನೂ ಭಯ ಹುಟ್ಟಿಸಿತು.

"ನಮ್ಮಲ್ಲಿ ಬಾಟ್ಲಿ ಮೇಲಿನ ತಾರೀಕು ಹೊಂದಲಿಲ್ಲ ಅಂದ್ರೆ ಇಡೀ ಮಾದರಿ ಚೆಲ್ತೀವಿ" ಎಂದಳು. "ಯಾರದ್ದು, ಯಾಕೆ ಅಂತ ಕೇಳೋದೇ ಇಲ್ಲ."

"ಇಲ್ಲೂ ಕೇಳಲ್ಲ. ಟಿಪ್ಪಣಿ ಆಮೇಲೆ ಬರೆಸಿ, ಬಾಗಿಲಯ್ಯನ್ನ ಒಲಿಸಿಕೊಂಡು ಹಿಂದಿನ ತಾರೀಕು ಹೊಡೆಸಿದ್ದಾಳೆ ಅಂತಾರೆ. ಹೊರಗಿನ ಪರೀಕ್ಷಕರು ಬರ್ತಿದ್ದಾರೆ. ಕಳ್ಳ ಸಾಕ್ಷಿ ಅಂತ ಪ್ರಬಂಧಾನೇ ತಿರಸ್ಕರಿಸ್ತಾರೆ. ಹೋಯ್ತು, ಎರಡು ವರ್ಷ ನೀರಲ್ಲಿ ಹೋಮ."

"ನೀವು ನಿದ್ದೆ ಮಾಡಿದ್ದೆ ಅಂತ ಹೇಳಿದ್ರೆ?"

"ನನ್ನ ನಲವತ್ತು ಮೂವತ್ತೊಂಬತ್ತು ಆಗುತ್ತೆ. ಪರೀಕ್ಷೆಗೆ ಕೂರೋ ಹಾಗಿಲ್ಲ. ಇನ್ನೊಂದು ವರ್ಷ. ರಜೆ ಎರಡು ತಿಂಗಳಿಗೆ ಮುಗಿಯುತ್ತೆ, ಇನ್ನೊಂದು ಸಲ ಕೊಡಲ್ಲ ಅಂತ ಹೆಡ್ಮಾಸ್ಟರು ಬರೆದೇ ಕೊಟ್ಟಿದ್ದಾರೆ. ಪದವಿ ಇಲ್ಲದೆ ವಾಪಸ್ಸು ಹೋಗಿ ಸ್ಟಾಫ್ ರೂಮಲ್ಲಿ ಕೂರಬೇಕು. ನಾಟಕ ಓದೋಕೆ ಹೋಗಿ ನಿದ್ದೆ ಮಾಡಿ ಬಂದ ಅಂತಾರೆ."

"ಅದು ನಿಜಾನೇ ಅಲ್ವಾ?" ಎಂದಳು ಹೆಂಡತಿ, ಟವೆಲ್ ಕೈಗೆ ಕೊಡುತ್ತ. "ಮುಖ ಪೂರ್ತಿ ಮಾಡ್ಕೊಂಡು ಹೋಗಿ. ಅರ್ಧ ಮುಖದಲ್ಲಿ ಯಾವ ಮಾತೂ ಹೇಳೋಕಾಗಲ್ಲ."

ಬಸ್ಸಿನಲ್ಲಿ ಸೀಟು ಇತ್ತು, ಮೇಷ್ಟ್ರು ಕೂರಲಿಲ್ಲ. ಕಂಬಿ ಹಿಡಿದು ನಿಂತರು. ಒಂಬತ್ತು ವರ್ಷದ ಹಿಂದೆ, ಊಟದ ಬಿಡುವಿನ ನಂತರದ ಮೊದಲ ಅವಧಿ, ಚತುರ್ಭುಜಗಳ ಪಾಠ. ಎರಡನೇ ಬೆಂಚಿನ ಹುಡುಗಿ ಪುಸ್ತಕದ ಮೇಲೆ ಕೆನ್ನೆ ಇಟ್ಟು ಮಲಗಿದ್ದಳು. ಬಾಯಿಯ ಮೂಲೆಯಿಂದ ಇಳಿದ ಜೊಲ್ಲು ಸಮಾಂತರ ಚತುರ್ಭುಜವೊಂದರ ಮೇಲೆ ಬಿದ್ದು ಅದರ ಒಂದು ಬದಿಯನ್ನು ಅಳಿಸಿತ್ತು. ತರಗತಿ ಕಿಸಕ್ಕೆಂದಿತು. "ನಿಂತ್ಕೋ" ಎಂದರು ಮೇಷ್ಟ್ರು. ನಿಂತಳು. ಗಂಟೆ ಹೊಡೆಯಿತು, ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಹೊರಟುಬಿಟ್ಟರು. ಮುಂದಿನ ಅವಧಿಯ ವಿಜ್ಞಾನದ ಟೀಚರು ಅವತ್ತು ರಜೆ. ಸ್ಟಾಫ್ ರೂಮಿನ ಕಡೆ ವರಾಂಡದಲ್ಲಿ ಬರುವಾಗ ಕಿಟಕಿಯಿಂದ ಕಂಡಿತು: ಮಕ್ಕಳೆಲ್ಲ ಗಲಾಟೆ ಮಾಡುತ್ತಿದ್ದಾರೆ, ಅವಳೊಬ್ಬಳು ಕಿಟಕಿ ಪಕ್ಕ ನಿಂತೇ ಇದ್ದಾಳೆ. ಕೂತ್ಕೋ ಅಂತ ಹೇಳಿರಲಿಲ್ಲವಲ್ಲ, ಅದಕ್ಕೆ. ಎರಡು ಹೆಜ್ಜೆ ಹಿಂದೆ ಇಟ್ಟು ಒಂದು ಮಾತು ಹೇಳಿದ್ದರೆ ಆಗಿತ್ತು. ಆದರೆ ಟೀ ಆರುತ್ತಿತ್ತು. ಟೀ ಆರುತ್ತದೆ ಅಂತಲೇ ಹೋದದ್ದು, ಬೇರೆ ಯಾವ ಕಾರಣವೂ ಇಲ್ಲ. ಇಷ್ಟು ವರ್ಷ ಹುಡುಕಿದರೂ ಮೇಷ್ಟ್ರಿಗೆ ಇದಕ್ಕಿಂತ ಗೌರವದ ಕಾರಣ ಸಿಕ್ಕಿರಲಿಲ್ಲ. ಅವಳು ಯಾಕೆ ಮಲಗಿದ್ದಳು ಎಂಬುದಕ್ಕೆ ಮಾತ್ರ ಅವರ ಹತ್ತಿರ ರಾಶಿ ಕಾರಣಗಳಿದ್ದವು. ಸಾಹಿತ್ಯ ಓದತೊಡಗಿದ ಮೇಲಂತೂ ಅವು ಹೆಚ್ಚಿದ್ದವು: ಹಾಸಿಗೆ ಹಿಡಿದ ತಾಯಿ, ಕುಡಿಯುವ ಅಪ್ಪ, ರಾತ್ರಿಯೆಲ್ಲ ಅಳುವ ತಮ್ಮ, ಹಸಿವು. ತರಗತಿಯಲ್ಲಿ ಅವಳ ಬೆನ್ನು ನೋಡುತ್ತ ಒಂದೊಂದು ದಿನ ಒಂದೊಂದನ್ನು ಅವಳ ತಲೆಗೆ ಕಟ್ಟುತ್ತಿದ್ದರು. ಆಮೇಲೆ ಅವಳಿಗೆ ತಮ್ಮನೇ ಇಲ್ಲ ಎಂದು ಗೊತ್ತಾಗಿ ನಿರಾಸೆಯಾಗುತ್ತಿತ್ತು.

ಅವಳಿಗೆ ಅದು ನೆನಪಿದೆಯೋ ಇಲ್ಲವೋ ಕೇಳಲು ಧೈರ್ಯ ಬಂದಿರಲಿಲ್ಲ. ಒಮ್ಮೆ ಗ್ರಂಥಾಲಯದಲ್ಲಿ ಅವಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾಗ ಅವರು ಎದುರು ಕೂತಿದ್ದರು. ಯಾರೋ ಪುಸ್ತಕ ಬೀಳಿಸಿದ ಸದ್ದಿಗೆ ಎಚ್ಚರವಾಗಿ, ಎದುರಿಗೆ ಅವರನ್ನು ಕಂಡು, ಅವಳು ತಟಕ್ಕನೆ ಅರ್ಧ ಎದ್ದು, ಮತ್ತೆ ಕೂತು ನಕ್ಕಿದ್ದಳು. ಆ ಅರ್ಧ ಏಳುವಿಕೆ ಮೇಷ್ಟ್ರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಸಭಾಂಗಣದಲ್ಲಿ ಅವಳೊಬ್ಬಳೇ ವೇದಿಕೆಯ ಮೇಲೆ ಮಂಡಿಯೂರಿ, ಟೇಪು ಹಿಡಿದು ಅಳೆಯುತ್ತಿದ್ದಳು. ನೆಲದ ಮೇಲೆ ಸುಣ್ಣದ ಪುಟ್ಟ ಗುರುತುಗಳು. "ಸರ್, ಸರಿಯಾದ ಹೊತ್ತಿಗೆ ಬಂದ್ರಿ, ಈ ಕುರ್ಚಿ ಸ್ವಲ್ಪ ಹಿಡ್ಕೊಳ್ಳಿ, ಕಾಲು ಕುಂಟುತ್ತೆ" ಎಂದಳು. ಮೇಷ್ಟ್ರು ಕುರ್ಚಿ ಹಿಡಿದುಕೊಂಡರು. ಅವಳು ಅದರ ಒಂದು ಕಾಲಿನ ಅಡಿಗೆ ಮಡಿಸಿದ ರಟ್ಟು ಅಂಟಿಸಿದಳು.

"ಒಂದು ವಿಷಯ ಹೇಳಬೇಕಿತ್ತಮ್ಮ. ಹನ್ನೊಂದನೇ ತಾರೀಕು..."

"ತಾರೀಕು ತಾನೇ? ನಿನ್ನೆ ಬೈಂಡಿಂಗ್ ಮಾಡ್ಸುವಾಗ ನೋಡ್ದೆ ಸರ್. ಕೇಳಿದ್ರೆ ನಾನು ನೋಡ್ಕೋತೀನಿ."

"ಅಲ್ಲ, ನಾನು ಅವತ್ತು..."

"ನಿದ್ದೆ ಮಾಡ್ತಿದ್ರಿ. ಗೊತ್ತು. ಮೂರನೇ ಸಾಲು, ನಡುವಿನ ಸೀಟು. ಬಾಯಿ ಬೇರೆ ತೆಗೆದಿತ್ತು" ಎಂದು ಅವಳು ತಲೆಯೆತ್ತದೆ ಹೇಳಿದಳು. "ಅಮ್ಮನ ಪಾತ್ರದವಳಿಗೆ ನಗು ತಡೆಯೋಕಾಗದೆ ಎರಡು ಮಾತು ಮರೆತುಹೋಯ್ತು."

ಮೇಷ್ಟ್ರ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಯಾಕೆ ಸೇರಿಸಿದೆ ಆ ದೃಶ್ಯಾನ?"

"ಚೆನ್ನಾಗಿತ್ತು ಸರ್." ಅವಳು ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಇನ್ನೇನೋ ಹೇಳುವವಳಿದ್ದಳು ಅನ್ನಿಸಿತು. ಅಷ್ಟರಲ್ಲಿ ದೀಪದವರು ಮೇಲಿನಿಂದ ಕೂಗಿ ಕರೆದರು, ಓಡಿದಳು. ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ನಾನು ನೋಡ್ಕೋತೀನಿ ಅಂದಳಲ್ಲ! ಮೈ ಹಗುರಾಯಿತು. ನಲವತ್ತು ನಲವತ್ತಾಗಿಯೇ ಉಳಿಯುತ್ತದೆ. ಸ್ಟಾಫ್ ರೂಮಿಗೆ ಎಂ.ಎ. ಆಗಿ ಹೋಗಬಹುದು. ಹಾಗೆ ಹಗುರಾದ ಮರುಗಳಿಗೆಗೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು, ಆದರೆ ಹಗುರ ಇಳಿಯಲಿಲ್ಲ. ಎರಡೂ ಒಟ್ಟಿಗೇ ಇರಬಹುದು ಎಂಬುದು ಯಾವ ಸಮೀಕರಣದಲ್ಲೂ ಅವರು ಕಲಿಸಿದ್ದಲ್ಲ.

ಎರಡಕ್ಕೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಮೇಡಂ, ಅವರ ಪಕ್ಕ ಹೊರಗಿನ ಪರೀಕ್ಷಕರು. ಮೂವತ್ತು ವರ್ಷ ಸಿನಿಮಾ ಸಂಕಲನ ಮಾಡಿದ ತೆಳ್ಳನೆಯ ಮುದುಕ. ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದ ಲೋಟ ಮುಂದಿನದರಲ್ಲಿ ಬಲಗೈಗೆ ಬಂದರೆ ನಿದ್ದೆಯಲ್ಲೂ ಎದ್ದು ಕೂರುವವರು ಎಂದು ಮೇಡಂ ಹಿಂದಿನ ದಿನ ಹೆಮ್ಮೆಯಿಂದ ಹೇಳಿದ್ದರು. ಮೇಷ್ಟ್ರು ಹಿಂದುಗಡೆ ಗೋಡೆಗೆ ಒರಗದೆ ನಿಂತರು. ಬಾಗಿಲಯ್ಯ ಬಂದು, "ಮುಂದೆ ಜಾಗ ಇದೆಯಲ್ಲ ಮೇಷ್ಟ್ರೇ, ಯಾವಾಗಲೂ ಕೂರೋ ಜಾಗಾನೇ ಖಾಲಿ ಇದೆ" ಎಂದು ಕಣ್ಣು ಮಿಟುಕಿಸಿದ. ಇವನಿಗೂ ಗೊತ್ತು! ಮುದ್ರೆ ಒತ್ತಿದ ಒಂದೊಂದು ಸಲವೂ ಇವನು ಒಳಗೇ ನಕ್ಕಿರಬೇಕು. "ಬೇಡ, ನಿಂತೇ ನೋಡ್ತೀನಿ" ಎಂದರು.

ದೀಪ ಆರಿತು. ರೆಪ್ಪೆಗಳು ಹಳೇ ಅಭ್ಯಾಸಕ್ಕೆ ಜಗ್ಗಿದವು. ಮೇಷ್ಟ್ರು ಕಾಲು ಬದಲಿಸಿದರು, ಮೂರರ ಮಗ್ಗಿ ಹೇಳಿಕೊಂಡರು, ಹದಿಮೂರರದ್ದು ಹೇಳಿಕೊಂಡರು. ಅಪ್ಪ ಗಂಟು ಬಿಗಿದ. ಇಲ್ಲಿಂದಾಚೆಗೆ ಅವರಿಗೆ ಎಲ್ಲವೂ ಹೊಸದು. ಎರಡು ತಿಂಗಳಿಂದ ಅದರ ಬಗ್ಗೆ ಮಾತಾಡುತ್ತ, ಚರ್ಚೆಗಳಲ್ಲಿ ತಲೆದೂಗುತ್ತ ಇದ್ದ ನಾಟಕವನ್ನು ಅವರು ಮೊದಲ ಸಲ ನೋಡುತ್ತಿದ್ದರು. ಚೆನ್ನಾಗಿತ್ತು. ಅಪ್ಪ ಅಮ್ಮ ಒಂದು ಒಡೆದ ಜರಡಿಗಾಗಿ ಕಾದಾಡುವುದಕ್ಕೆ ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಉಳಿದವರೆಲ್ಲ ಆ ನಗೆಯನ್ನು ತಾಲೀಮಿನಲ್ಲೇ ನಕ್ಕು ಮುಗಿಸಿದ್ದರಿಂದ ಅವರೊಬ್ಬರದೇ ದನಿ ಕೇಳಿತು. ಇಷ್ಟು ಒಳ್ಳೆಯ ನಾಟಕದ ಎದುರು ತಾನು ಬಾಯಿ ತೆರೆದು ಮಲಗಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಸಾಮಾನೆಲ್ಲ ಹೊರಗೆ ಹೋಯಿತು. ಒಂದೇ ಕುರ್ಚಿ ಉಳಿಯಿತು. ಮೇಷ್ಟ್ರು ಮೈಯೆಲ್ಲ ಕಣ್ಣಾಗಿ ನಿಂತರು, ಈಗ ತಾಯಿ ಬರುತ್ತಾಳೆ. ಬಂದದ್ದು ಮಗಳು. ಅರೆ, ತಾಯಿ ಎಂದಲ್ಲವೇ ನಾನು ಬರೆದದ್ದು! ಓದಿದ ಪ್ರತಿಯಲ್ಲೂ ತಾಯಿಯೇ ಇದ್ದಳು. ಯಾವಾಗ ಬದಲಿಸಿದಳು? ತನ್ನದನ್ನು ಕೇಳದೆ ಕೆಡಿಸಿದರು ಎಂಬ ಕೋಪ ಅವರಿಗೆ ನೆತ್ತಿಗೇರಿತು, ನಿದ್ದೆಯಲ್ಲಿ ಬರೆದ ನಾಟಕಕಾರನ ಕೋಪ. ಮಗಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಲಿಲ್ಲ, ಕಿಟಕಿಯ ಕಡೆ ತಿರುಗಿಸಿದಳು. ಅದರ ಪಕ್ಕ ನಿಂತಳು. ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ಒಂದು ಬೆರಳಿನಿಂದ ಬಟ್ಟೆಯ ಅಂಚು ಸುರುಳಿ ಸುತ್ತುತ್ತ. ಹೊರಗೆ ಹೆಜ್ಜೆಯ ಸದ್ದು ಬಂತು. ಕಿಟಕಿಯ ಹತ್ತಿರ ಒಂದು ಗಳಿಗೆ ತಡೆಯಿತು. ಆಮೇಲೆ ಮುಂದೆ ಹೋಯಿತು. ಎಲ್ಲೋ ದೂರದಲ್ಲಿ ಕಪ್ಪಿಗೆ ಚಮಚ ತಗುಲಿದ ಟಿಣ್ ಟಿಣ್ ಸದ್ದು. ಅವಳು ನಿಂತೇ ಇದ್ದಳು.

ಮೇಷ್ಟ್ರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ತಾವು ಕನಸಿನಲ್ಲಿ ಕಂಡದ್ದು ಯಾರ ತಾಯಿಯನ್ನೂ ಅಲ್ಲ. ಒಂಬತ್ತು ವರ್ಷ ಎಚ್ಚರದಲ್ಲಿ ಎದುರು ನಿಲ್ಲಲಾರದೆ ದಾಟುತ್ತಿದ್ದ ಕಿಟಕಿಯನ್ನು ನಿದ್ದೆ ತಾನಾಗಿ ತೆರೆದು ತೋರಿಸಿತ್ತು, ಅವರು ಅದನ್ನು ನಾಟಕ ಅಂದುಕೊಂಡು ಮೆಚ್ಚಿ ಬರೆದಿದ್ದರು. ಮೇಡಂ ಓದಿದ ದಿನವೇ ಅವಳಿಗೆ ಗೊತ್ತಾಗಿತ್ತು. ತರಗತಿಯಲ್ಲಿ ಅವಳು ಕಿಟಕಿಯಾಚೆ ನೋಡಿದ್ದು ಅದಕ್ಕೆ. ಕುರ್ಚಿಯನ್ನು ಕಿಟಕಿಗೆ ತಿರುಗಿಸಿದ್ದು ಅದಕ್ಕೆ. ಚಮಚದ ಸದ್ದು ಅವಳಿಗೂ ಕೇಳಿಸಿತ್ತೇ? ಸ್ಟಾಫ್ ರೂಮು ಅಷ್ಟು ಹತ್ತಿರ ಇತ್ತೇ? ಇತ್ತು. ಮೇಷ್ಟ್ರು ಕತ್ತಲಲ್ಲಿ ಅತ್ತರು. ಅವರ ಜೀವನದಲ್ಲಿ ಕತ್ತಲಲ್ಲಿ ಇಷ್ಟು ಎಚ್ಚರವಾಗಿ ಇದ್ದದ್ದು ಅದೇ ಮೊದಲು.

ದೀಪ ಬಂತು. ಚಪ್ಪಾಳೆ ನಿಂತ ಮೇಲೆ ವೇದಿಕೆಯ ಕೆಳಗೆ ಮೇಜು ಹಾಕಿದರು. ಮೌಖಿಕ ಪರೀಕ್ಷೆ ಎಲ್ಲರ ಎದುರಿಗೇ ನಡೆಯುವುದು ಆ ವಿಭಾಗದ ಇನ್ನೊಂದು ಕಟ್ಟಳೆ. ಪರೀಕ್ಷಕರು, ಮೇಡಂ ಕೂತರು. ಅವಳು ವೇದಿಕೆಯ ಅಂಚಿನಲ್ಲಿ ನಿಂತಳು. ಮೊದಲು ಬೆಳಕಿನ ಬಗ್ಗೆ ಕೇಳಿದರು, ಆಮೇಲೆ ಜರಡಿಯ ಬಗ್ಗೆ. ಅವಳು ಅಚ್ಚುಕಟ್ಟಾಗಿ ಉತ್ತರಿಸಿದಳು. ಮುದುಕ ಪ್ರಬಂಧದ ಹಾಳೆ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ಕನ್ನಡಕ ಮೇಲೆತ್ತಿದರು.

"ಈ ಮೂವತ್ತೊಂದನೇ ಟಿಪ್ಪಣಿ ಇದೆಯಲ್ಲ, ಇದರ ತಾರೀಕು ಹನ್ನೊಂದು. ಇದರಲ್ಲಿ ಕುರ್ಚಿ ಇದೆ. ನಿಮ್ಮ ಹನ್ನೊಂದನೇ ತಾರೀಕಿನ ಪ್ರತಿಯಲ್ಲಿ ಕುರ್ಚಿ ಇಲ್ಲ. ಹದಿನೆಂಟರದ್ದರಲ್ಲಿ ಇದೆ. ಇದು ಹೇಗೆ?"

ಮೇಡಂ ಹಾಳೆಯ ಮೇಲೆ ಬಾಗಿ ನೋಡಿದರು, ಅವರ ಮುಖ ಬಿಗಿಯಿತು.

"ಪ್ರತಿ ಮೇಲೆ ತಾರೀಕು ಹಾಕುವಾಗ ನನ್ನಿಂದ ತಪ್ಪಾಯ್ತು ಸರ್" ಎಂದಳು ಅವಳು.

"ಇಲ್ಲಮ್ಮ, ಎರಡು ಪ್ರತಿಗೂ ಕಚೇರಿಯ ಮುದ್ರೆ ಇದೆ. ತಪ್ಪಿದ್ರೆ ಟಿಪ್ಪಣೀಲಿ ತಪ್ಪಿರಬೇಕು. ಇದನ್ನ ಆಮೇಲೆ ಬರೆಸಿ ಸೇರಿಸಿದ್ದಾ?"

ಅವಳು ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟಿದ್ದಳು. ಒಂದು ಬೆರಳು ದುಪಟ್ಟಾದ ಅಂಚನ್ನು ಸುರುಳಿ ಸುತ್ತುತ್ತಿತ್ತು. ಇನ್ನು ಒಂದು ಗಳಿಗೆ ಹೋದರೆ ಅವಳು ಹೌದು ಅನ್ನುತ್ತಾಳೆ ಎಂದು ಮೇಷ್ಟ್ರಿಗೆ ಗೊತ್ತಾಯಿತು. ಅವಳ ಬಾಯಿ ಆಗಲೇ ತೆರೆಯುತ್ತಿತ್ತು.

"ಅಲ್ಲ" ಎಂದು ಹಿಂದಿನಿಂದ ಕೂಗಿದರು. ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಇಪ್ಪತ್ತು ವರ್ಷ ಪಳಗಿದ ದನಿ, ಬಾಗಿಲಯ್ಯ ಬೆಚ್ಚಿಬಿದ್ದ. ಎಲ್ಲ ತಲೆಗಳೂ ತಿರುಗಿದವು.

"ನೀವು ಯಾರು?"

"ನಾನು ಮೂವತ್ತೊಂದನೇ ಟಿಪ್ಪಣಿ" ಎಂದರು ಮೇಷ್ಟ್ರು. ಯಾರೋ ಪಿಸಕ್ಕನೆ ನಕ್ಕರು. "ಅಂದ್ರೆ ಬರೆದವನು. ಬರೆದದ್ದು ಹನ್ನೊಂದಕ್ಕೇ. ತಾರೀಕು ಸರಿಯಾಗಿದೆ. ನಾನು ನಾಟಕ ನೋಡಲಿಲ್ಲ, ನಿದ್ದೆ ಮಾಡಿದೆ. ಕನಸು ಬಿತ್ತು. ಕನಸನ್ನ ನಾಟಕ ಅಂದ್ಕೊಂಡು ಬರೆದೆ. ಆಮೇಲೆ ಗೊತ್ತಾದ್ರೂ ಬಾಯಿ ಬಿಡಲಿಲ್ಲ. ಇವಳು ಅದನ್ನ ಓದಿ ದೃಶ್ಯ ಮಾಡಿದಳು. ಇವಳ ತಪ್ಪು ಏನೇನೂ ಇಲ್ಲ."

ಈಗ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಮೇಷ್ಟ್ರು ಅದನ್ನು ನಿಂತು ಕೇಳಿದರು. ಇಷ್ಟು ದಿನ ಹೆದರಿದ್ದು ಇದಕ್ಕೇ. ನಾಚಿಕೆ ಎಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು.

ಮೇಡಂ ನಗಲಿಲ್ಲ. "ಮೂವತ್ತೊಂದನೇದರಲ್ಲಿ ಮಾತ್ರ ನಿದ್ದೆ ಮಾಡಿದ್ರಾ?" ಎಂದು ಕೇಳಿದರು.

ಲೆಕ್ಕದ ಮೇಷ್ಟ್ರಿಗೆ ತಪ್ಪು ಲೆಕ್ಕ ಹೇಳಲು ಬರಲಿಲ್ಲ. "ಒಟ್ಟು ಒಂಬತ್ತು" ಎಂದರು.

"ನಲವತ್ತರಲ್ಲಿ ಒಂಬತ್ತು ಹೋದ್ರೆ?"

"ಮೂವತ್ತೊಂದು."

"ಈ ವರ್ಷ ನೀವು ಪರೀಕ್ಷೆಗೆ ಕೂರೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು ಮೇಡಂ."

ಮುದುಕ ಪರೀಕ್ಷಕರು ಅವರನ್ನೇ ನೋಡುತ್ತಿದ್ದರು, ಸಿಟ್ಟಿನಿಂದಲ್ಲ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಟಕ ಅಷ್ಟು ಕೆಟ್ಟದಾಗಿತ್ತಾ? ಯಾಕೆ ನಿದ್ದೆ ಮಾಡಿದ್ರಿ?"

ಮೇಷ್ಟ್ರು ಕಾರಣ ಹುಡುಕಿದರು. ಹಿಂದಿನ ರಾತ್ರಿಯ ಓದು, ವಯಸ್ಸು, ರಕ್ತದೊತ್ತಡ, ಬಾಲ್ಯ. ಒಂದೂ ನಿಜವಾಗಿರಲಿಲ್ಲ. "ಕಾರಣ ಇಲ್ಲ ಸರ್. ಸುಮ್ನೆ ನಿದ್ದೆ ಬಂತು" ಎಂದರು.

ವೇದಿಕೆಯ ಅಂಚಿನಲ್ಲಿ ಅವಳು ನಕ್ಕಳು. ಇಡೀ ಸಭಾಂಗಣ ನಕ್ಕು ಮುಗಿಸಿದ ಮೇಲೆ, ಒಬ್ಬಳೇ. "ನಂಗೂ ಅವತ್ತು ಸುಮ್ನೆ ಬಂದಿತ್ತು ಸರ್" ಎಂದಳು. "ಚತುರ್ಭುಜ ಅಲ್ವಾ."

ತಾಯಿ, ಅಪ್ಪ, ಇಲ್ಲದ ತಮ್ಮ, ಹಸಿವು, ಎಲ್ಲವೂ ಮೇಷ್ಟ್ರ ತಲೆಯಿಂದ ಒಟ್ಟಿಗೇ ಎದ್ದು ಹೊರಟುಹೋದವು. ಮೇಡಂ ಇವಳ ಮುಖ, ಅವರ ಮುಖ ನೋಡಿ, ಏನೂ ಅರ್ಥವಾಗದೆ ಪೆನ್ನಿನ ಮುಚ್ಚಳ ಹಾಕಿದರು. ಪರೀಕ್ಷಕರು, "ಹಾಗಾದ್ರೆ ಆ ದೃ‌ಶ್ಯ ಯಾರದ್ದಮ್ಮ, ನಿಮ್ಮದೋ ಅವರದೋ?" ಎಂದು ಕೇಳಿದರು. ಅವಳದು ಬೆಳಿಗ್ಗೆ ಆರರಿಂದ ಓಡಾಡಿದ ಕಾಲುಗಳು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದ್ದು ಇಲ್ಲಿ ಹಿಂದೆ ನಿಂತ ಮೇಷ್ಟ್ರಿಗೂ ಕಾಣಿಸಿತು.

"ಕೂತ್ಕೋಮ್ಮ" ಎಂದರು ಮೇಷ್ಟ್ರು.

ಈ ಸಲ ಅವರು ಕೂಗಲಿಲ್ಲ. ದನಿ ವೇದಿಕೆಯ ತನಕ ಹೋಯಿತೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿತ್ತು. ಹೋಯಿತು. ಅವಳ ಮುಖದಲ್ಲಿದ್ದ ನಗು ಅಲ್ಲೇ ನಿಂತು, ಮತ್ತೆ ಸರಿಯಾಯಿತು. ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ವೇದಿಕೆಯ ಒಳಗೆ ನಡೆದು, ಕಿಟಕಿಯ ಕಡೆ ಮುಖ ಮಾಡಿದ್ದ ಕುರ್ಚಿಯನ್ನು ಈ ಕಡೆ ತಿರುಗಿಸಿ, ಕೂತಳು. ರಟ್ಟು ಅಂಟಿಸಿದ್ದ ಕಾಲು ಕುಂಟಲಿಲ್ಲ.

"ಈಗ ಕೇಳಿ ಸರ್" ಎಂದಳು ಪರೀಕ್ಷಕರಿಗೆ.

ಬಾಗಿಲಯ್ಯ ಸದ್ದಿಲ್ಲದೆ ಒಂದು ಮಡಿಸುವ ಕುರ್ಚಿ ತಂದು ಮೇಷ್ಟ್ರ ಪಕ್ಕ ಬಿಡಿಸಿಟ್ಟ. ಮೇಷ್ಟ್ರು ಅದರ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದರು. ಪ್ರಶ್ನೆಗಳು ಇನ್ನೂ ಬಾಕಿ ಇದ್ದವು, ಬೆಳಕಿದ್ದರೂ ಕೂತರೆ ಎಲ್ಲಿ ನಿದ್ದೆ ಬಂದುಬಿಡುತ್ತದೋ.